ಒಂದು ಪಾಯಿಂಟ್ ಎಂಟು ಮಿಲಿಲೀಟರ್ ಅನುಮಾನ

ನಮ್ಮ ಭಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವರು ಮನಸಾರೆ ನಂಬಿದ್ದು ಒಂದೇ ಒಂದು ವಸ್ತುವನ್ನು: ಇಲಾಖೆಯ ಮುದ್ರೆ ಬಿದ್ದ ಒಂದು ಕಿಲೋದ ಹಿತ್ತಾಳೆ ಬಟ್ಟು. ಅದನ್ನೂ ವರ್ಷಕ್ಕೊಮ್ಮೆ ತೂಗಿ ನೋಡುತ್ತಿದ್ದರು. ಮನೆಗೆ ಹಾಲು ಬಂದರೆ ಅಳತೆ, ಪರದೆಯ ಬಟ್ಟೆ ಬಂದರೆ ಅಳತೆ. ಮದುವೆಗೆ ಮುಂಚೆ ನಮ್ಮಪ್ಪ ಮಾತಿನ ನಡುವೆ ನನ್ನ ಅಕ್ಕನ ಎತ್ತರ ಐದಡಿ ಮೂರಿಂಚು ಎಂದಾಗ, 'ಚಪ್ಪಲಿ ಸೇರಿಸಿಯಾ, ಬಿಟ್ಟಾ?' ಎಂದು ವಿನಯದಿಂದಲೇ ಕೇಳಿದವರು ಅವರು. ಅಕ್ಕ ಅದನ್ನು ಇನ್ನೂ ಮರೆತಿಲ್ಲ.

ಇಂಥವರಿಗೆ ಹಲ್ಲುನೋವು ಬಂತು. ಬಲಗಡೆ ಕೆಳದವಡೆಯ ಕೊನೆಯಿಂದ ಎರಡನೆಯ ಹಲ್ಲು.

ಮೂರು ವಾರ ಅವರು ವಿಷಯವನ್ನು ಗುಟ್ಟಾಗಿಟ್ಟರು. ಬರೀ ಎಡಗಡೆ ಅಗಿಯುತ್ತ, ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು ಓಡಾಡಿದರು. ಅಕ್ಕ ಅದನ್ನು ನೋಡಿ, ಕತ್ತು ಉಳುಕಿರಬೇಕೆಂದು ಎಣ್ಣೆ ಹಚ್ಚಿದಳು. ಕೊನೆಗೆ ಒಂದು ಬೆಳಿಗ್ಗೆ ತಣ್ಣೀರು ಕುಡಿದವರು ಲೋಟವನ್ನು ಗೋಡೆಗೆ ಎಸೆದಾಗ ಗುಟ್ಟು ರಟ್ಟಾಯಿತು.

ಬೇರೆ ಯಾರಾದರೂ ಆಗಿದ್ದರೆ ಹದಿನೆಂಟು ಮೆಟ್ಟಿಲು ಇಳಿದು ಹೋಗಿ ಗುಣ ಮಾಡಿಸಿಕೊಂಡು ಬರುತ್ತಿದ್ದರು. ಏಕೆಂದರೆ ನಮ್ಮ ಕಟ್ಟಡದ ಕೆಳಗೇ, ರಸ್ತೆಗೆ ಮುಖ ಮಾಡಿದ ಕೋಣೆಯಲ್ಲಿ, ಭಾವನ ಸ್ವಂತ ತಮ್ಮನ ಮಗಳು ಹಲ್ಲಿನ ಕ್ಲಿನಿಕ್ ತೆರೆದು ಆರು ತಿಂಗಳಾಗಿತ್ತು. ಅಕ್ಕನ ಮಡಿಲಲ್ಲೇ ಬೆಳೆದ ಹುಡುಗಿ. ನಡುವಿನ ಅಂತಸ್ತಿನಲ್ಲಿ ಭಾವ, ಮೇಲಿನ ಅಂತಸ್ತಿನಲ್ಲಿ ನಾನು. ಭಾವನ ತೊಡಕು ಬೇರೆಯೇ ಇತ್ತು. ಒಂಬತ್ತು ವರ್ಷದ ಹಿಂದೆ ಅವರು ಇದೇ ತಮ್ಮನ, ಅಂದರೆ ಹುಡುಗಿಯ ಅಪ್ಪನ, ಮೊಳೆ-ತಿರುಪಿನ ಅಂಗಡಿಗೆ ತಪಾಸಣೆಗೆ ಹೋಗಿ, ಕಿಲೋಗೆ ಮೂವತ್ತು ಗ್ರಾಂ ಕಡಿಮೆ ತೂಗುತ್ತದೆಂದು ತಕ್ಕಡಿಯನ್ನು ಜಪ್ತಿ ಮಾಡಿಕೊಂಡು ಬಂದಿದ್ದರು. ತಮ್ಮ ಎರಡು ವರ್ಷ ಈ ಮನೆಯ ಕಡೆ ತಲೆ ಹಾಕಲಿಲ್ಲ. ಆಮೇಲೆ ತಾನೇ ಬಂದ, ನಕ್ಕ, ಊಟ ಮಾಡಿದ, ಎಲ್ಲರೂ ಮರೆತರು. ಭಾವನ ತಲೆಯಲ್ಲಿ ಮಾತ್ರ ಆ ಫೈಲು ಇನ್ನೂ ಮುಚ್ಚಿರಲಿಲ್ಲ.

"ನಮ್ಮವಳು ಅಂದಮೇಲೆ ಇನ್ನೂ ಹುಷಾರಾಗಿರ್ಬೇಕು," ಎಂದು ಮೆಟ್ಟಿಲಿಳಿಯುತ್ತ ನನಗೆ ಹೇಳಿದರು. "ನೀನು ಜೊತೆಗೆ ಬಾ. ಸಾಕ್ಷಿಗೆ ಒಬ್ಬರು ಬೇಕು."

ನಾನು ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಅಂಕಿ ಬರೆಯುವ ಮನುಷ್ಯ. ಸಾಕ್ಷಿ ಹೇಳುವ ಅಭ್ಯಾಸ ನನಗಿಲ್ಲ. ಆದರೂ ಹೋದೆ.

ಹುಡುಗಿ ಹಲ್ಲನ್ನು ತಟ್ಟಿ ನೋಡಿದಳು, ಎಕ್ಸ್‌ರೇ ತೆಗೆದಳು, ದೀಪದೆದುರು ಹಿಡಿದು ತೋರಿಸಿದಳು.

"ಬೇರಿನ ಕೆಳಗೆ ಕೀವು ತುಂಬಿದೆ ದೊಡ್ಡಪ್ಪ. ಹಲ್ಲು ಉಳಿಯೋ ಹಾಗಿಲ್ಲ, ಕೀಳ್ಬೇಕು. ಆದ್ರೆ ಇವತ್ತು ಬೇಡ. ಐದು ದಿನ ಈ ಮಾತ್ರೆ ತಗೊಳ್ಳಿ, ದಿನಕ್ಕೆ ಮೂರು. ಕೀವು ಇಳಿದಮೇಲೆ ಬನ್ನಿ."

"ಈ ಮಾತ್ರೆ ಎಲ್ಲಿ ಸಿಗುತ್ತೆ?"

"ಪಕ್ಕದ ಮೆಡಿಕಲ್ ಶಾಪಲ್ಲಿ."

"ಅಲ್ಲೇ ಯಾಕೆ?"

"ಪಕ್ಕದಲ್ಲೇ ಇದೆ ಅಂತ."

ಹೊರಗೆ ಬಂದಮೇಲೆ ಭಾವ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. "ಗಮನಿಸಿದ್ಯಾ?"

"ಏನನ್ನ ಭಾವ?"

"ಪಕ್ಕದಲ್ಲೇ ಇರೋದನ್ನ."

ಅದರಲ್ಲಿ ಗಮನಿಸುವಂಥದ್ದು ಏನಿದೆಯೆಂದು ನನಗೆ ಹೊಳೆಯಲಿಲ್ಲ. ಭಾವ ಮಾತ್ರ ಅಂಗಡಿಯ ಬೋರ್ಡನ್ನೂ ಕ್ಲಿನಿಕ್ಕಿನ ಬೋರ್ಡನ್ನೂ ಮೂರು ಸಲ ನೋಡಿ, ಎರಡರ ನಡುವಿನ ದೂರವನ್ನು ಹೆಜ್ಜೆ ಹಾಕಿ ಅಳೆದು, ಹದಿನೈದು ಮಾತ್ರೆ ಕೊಂಡುಕೊಂಡು ಮನೆಗೆ ಬಂದರು.

ಆರನೆಯ ದಿನ ಬೆಳಿಗ್ಗೆ ಮತ್ತೆ ಕೆಳಗಿಳಿದೆವು. ಕ್ಲಿನಿಕ್ಕಿನ ಮುಂಭಾಗದ ಬೆಂಚಿನ ಮೇಲೆ ನಾಲ್ಕು ಜನ ಕಾಯುತ್ತಿದ್ದರು. ಐದನೆಯವರು ಎದುರುಮನೆಯ ನಿವೃತ್ತ ಪೋಸ್ಟ್ ಮಾಸ್ತರರು. ಅವರು ಬರುತ್ತಿದ್ದುದು ಹಲ್ಲಿಗಾಗಿ ಅಲ್ಲ, ಅಲ್ಲಿ ದಿನಪತ್ರಿಕೆ ಬಿಟ್ಟಿಯಾಗಿ ಸಿಗುತ್ತಿತ್ತು, ಫ್ಯಾನೂ ಇತ್ತು. ಅವರ ಕಾಲದಲ್ಲಿ ಪತ್ರಗಳು ತಲುಪಲು ಮೂರು ದಿನ ಬೇಕಾಗುತ್ತಿತ್ತಂತೆ. ನಿವೃತ್ತರಾದ ಮೇಲೆ ಅವರು ಹಂಚುವ ಸುದ್ದಿಗೆ ಅರ್ಧ ಗಂಟೆ ಸಾಕಾಗುತ್ತಿತ್ತು.

"ಮಾತ್ರೆ ತಗೊಂಡ್ರಾ ದೊಡ್ಡಪ್ಪ?" ಎಂದು ಹುಡುಗಿ ಕೇಳಿದಳು.

"ಅದಕ್ಕೆ ತಕ್ಕ ವ್ಯವಸ್ಥೆ ಆಗಿದೆ," ಎಂದರು ಭಾವ. ಸರ್ಕಾರಿ ನೌಕರರ ಬಾಯಲ್ಲಿ ಈ ಮಾತು ಬಂದರೆ ಎಚ್ಚರವಾಗಬೇಕು. ಆದರೆ ಹುಡುಗಿಗೆ ಇನ್ನೂ ವಯಸ್ಸು ಚಿಕ್ಕದು.

ಅವಳು ದವಡೆಯ ಹಿಂಭಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಳು. ಹತ್ತು ನಿಮಿಷ ಕಾದಳು.

"ತುಟಿ ದಪ್ಪ ಆದಂಗೆ ಅನ್ಸುತ್ತಾ?"

"ಅನ್ಸುತ್ತೆ."

"ನಾಲಿಗೆ?"

"ಅದೂ ಅನ್ಸುತ್ತೆ."

ಅವಳು ಹಲ್ಲನ್ನು ಮುಟ್ಟಿದಳು. ಆಗ ಭಾವನ ಬಾಯಿಂದ ಹೊರಟ ಸ್ವರವನ್ನು ನಾನು ಅಕ್ಷರಕ್ಕಿಳಿಸಲಾರೆ. ಪಕ್ಕದ ಮೆಡಿಕಲ್ ಶಾಪಿನವರು ಶಟರ್ ಅರ್ಧ ಇಳಿಸಿ ಹೊರಗೆ ಬಂದು ನಿಂತರಂತೆ. ಹುಡುಗಿ ಇನ್ನೊಂದು ಇಂಜೆಕ್ಷನ್ ಕೊಟ್ಟಳು, ಮತ್ತೆ ಕಾದಳು, ಮತ್ತೆ ಮುಟ್ಟಿದಳು. ಮತ್ತೆ ಅದೇ ಸ್ವರ, ಈ ಸಲ ಇನ್ನೂ ಉದ್ದವಾಗಿ. ಅವಳು ಕೈಗವಸು ತೆಗೆದುಬಿಟ್ಟಳು.

"ಇವತ್ತು ಬೇಡ ದೊಡ್ಡಪ್ಪ. ಕೀವು ಇನ್ನೂ ಇಳಿದಿಲ್ಲ ಅನ್ಸುತ್ತೆ. ಹಾಗಿದ್ದಾಗ ಔಷಧಿ ಸರಿಯಾಗಿ ಹಿಡಿಯಲ್ಲ. ಭಯ ಪಟ್ಕೊಂಡ್ರೂ ಹಾಗೆ ಆಗುತ್ತೆ. ಇನ್ನೂ ಐದು ದಿನ ಮಾತ್ರೆ ತಗೊಳ್ಳಿ."

ಭಾವ ಕುರ್ಚಿಯಿಂದಿಳಿದು ಬೆಂಚಿನ ಮುಂದೆ ಬಂದು ನಿಂತರು. ಕೆಳತುಟಿ ಒಂದು ಕಡೆ ಜೋತುಬಿದ್ದಿತ್ತು. ಮಾತು ಮಾತ್ರ ಇಲಾಖೆಯ ಗತ್ತಿನಲ್ಲೇ ಬಂತು.

"ತುಟಿ ತನಕ ಬಂತು, ಹಲ್ಲಿಗೆ ಬರ್ಲಿಲ್ಲ. ಇದರ ಅರ್ಥ ಏನು? ಔಷಧಿಯಲ್ಲಿ ನೀರಿದೆ ಅಂತ ನಾನು ಹೇಳ್ತಿಲ್ಲ. ನೀರಿಲ್ಲ ಅನ್ನೋದಕ್ಕೆ ಸಾಕ್ಷಿ ಇಲ್ಲ ಅಂತ ಮಾತ್ರ ಹೇಳ್ತಿದೀನಿ."

ಪೋಸ್ಟ್ ಮಾಸ್ತರರು ಪತ್ರಿಕೆಯನ್ನು ನಾಲ್ಕಾಗಿ ಮಡಿಸಿ ಬೆಂಚಿನ ಮೇಲಿಟ್ಟು ಎದ್ದರು. ಕಾಯುತ್ತಿದ್ದ ನಾಲ್ವರಲ್ಲಿ ಮೂವರು ತಮಗೆ ನೋವು ಕಡಿಮೆಯಾಗಿದೆ ಎಂದು ಹೇಳಿ ಮನೆಗೆ ಹೋದರು. ನಾಲ್ಕನೆಯವರು ಏನೂ ಹೇಳದೆ ಹೋದರು.

ಒಂದೇ ವಾರದಲ್ಲಿ ಸುದ್ದಿ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ, ಮೈ ತುಂಬಿಕೊಂಡು ಮರಳಿ ಬಂತು. ತರಕಾರಿ ಅಂಗಡಿಯವಳ ಪ್ರಕಾರ ಇಂಜೆಕ್ಷನ್ನಿನಲ್ಲಿ ಇದ್ದದ್ದು ನಲ್ಲಿ ನೀರು. ಕ್ಷೌರಿಕನ ಪ್ರಕಾರ ನಲ್ಲಿ ನೀರೂ ಅಲ್ಲ, ಬೋರ್‌ವೆಲ್ ನೀರು. ಬೆಂಚು ಖಾಲಿಯಾಯಿತು. ಹುಡುಗಿ ಬೆಳಿಗ್ಗೆ ಬಾಗಿಲು ತೆರೆದು, ಉಪಕರಣಗಳನ್ನು ಕುದಿಸಿ, ಒಬ್ಬಳೇ ಕುಳಿತು, ಸಂಜೆ ಅವನ್ನೇ ಮತ್ತೆ ಒರೆಸಿಟ್ಟು ಬಾಗಿಲು ಹಾಕುತ್ತಿದ್ದಳು. ಶನಿವಾರ ಮೇಲೆ ಬಂದು ಅಕ್ಕನ ಮುಂದೆ ಕುಳಿತಳು.

"ಬೇರೆ ಊರಿನ ಆಸ್ಪತ್ರೆಯಲ್ಲಿ ಒಂದು ಕೆಲಸ ಇದೆಯಂತೆ ದೊಡ್ಡಮ್ಮ. ಅರ್ಜಿ ಬರೆದಿಟ್ಟಿದೀನಿ. ಈ ತಿಂಗಳ ಕೊನೆ ತನಕ ನೋಡ್ತೀನಿ. ಯಾರೂ ಬರ್ಲಿಲ್ಲ ಅಂದ್ರೆ ಕ್ಲಿನಿಕ್ ಮುಚ್ಚಿ ಹೋಗ್ತೀನಿ."

ಅಕ್ಕ ಆ ದಿನದಿಂದ ಭಾವನ ಜೊತೆ ಮಾತು ಬಿಟ್ಟಳು. ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುತ್ತಿದ್ದಳು. "ಊಟ ಮಾಡೋರು ಬಂದು ಮಾಡ್ಬಹುದು," ಎಂದು ಗೋಡೆಗೆ ಹೇಳಿದರೆ ಭಾವ ಬಂದು ಎಡಗಡೆಯಲ್ಲಿ ಅಗಿಯುತ್ತಿದ್ದರು. ಆ ಹುಡುಗಿ ಹೋಗಿಬಿಡುತ್ತಾಳೆಂದು ನಾನೂ ಭಾವನಿಗೆ ಹೇಳಿದೆ. ಅಷ್ಟು ಹೇಳಿದರೆ ಭಾವ ತಮ್ಮದೇ ದಾರಿ ಹಿಡಿದರು.

"ಅವಳು ನಿರ್ದೋಷಿ ಆಗಿದ್ರೆ ತನಿಖೆಯಿಂದ ಅವಳಿಗೇ ಒಳ್ಳೇದು. ನಾಳೆ ಮಹಜರು ಮಾಡ್ತೀನಿ."

ಸ್ಥಳಕ್ಕೆ ಹೋಗಿ, ಕಂಡದ್ದನ್ನೆಲ್ಲ ಬರೆದುಕೊಂಡು, ಸಾಕ್ಷಿಗಳಿಂದ ಸಹಿ ಹಾಕಿಸಿಕೊಳ್ಳುವುದಕ್ಕೆ ಮಹಜರು ಎನ್ನುತ್ತಾರೆ. ಪೆಟ್ರೋಲ್ ಬಂಕುಗಳಲ್ಲಿ ಭಾವ ಅದನ್ನು ಸಾವಿರ ಸಲ ಮಾಡಿದ್ದಾರೆ. ಹಲ್ಲಿನ ಕುರ್ಚಿಯ ಸುತ್ತ ಮಾಡಿದ್ದು ಇದೇ ಮೊದಲು. ಅವರು ಸಿರಿಂಜನ್ನು ಬೆಳಕಿಗೆ ಹಿಡಿದರು. ಔಷಧಿಯ ಗಾಜಿನ ಕೊಳವೆಯನ್ನು ತಿರುಗಿಸಿ ತಿರುಗಿಸಿ ಓದಿದರು. ಒಂದು ಕಡೆ ಅವರ ಬೆರಳು ನಿಂತಿತು.

"ಇದೇನಿದು, ಒಂದು ಪಾಯಿಂಟ್ ಎಂಟು ಮಿಲಿಲೀಟರ್?"

"ಅಷ್ಟೇ ಇರೋದು ದೊಡ್ಡಪ್ಪ. ಎಲ್ಲಾ ಕಡೆಗೂ ಅಷ್ಟೇ ಬರುತ್ತೆ."

"ಎರಡು ಯಾಕಿಲ್ಲ?"

"ಗೊತ್ತಿಲ್ಲ. ಕಂಪನಿಯವರು ಹಾಗೇ ಮಾಡ್ತಾರೆ."

ಭಾವ ನನ್ನ ಕಡೆ ತಿರುಗಿದರು. ಇಪ್ಪತ್ತಾರು ವರ್ಷ ಹುಡುಕಿದ ಕಳ್ಳ ಎದುರಿಗೆ ಬಂದು ನಿಂತ ಕಳೆ ಆ ಮುಖದಲ್ಲಿತ್ತು. "ಬರ್ಕೋ. ಪ್ರತಿ ಕೊಳವೆಗೆ ಪಾಯಿಂಟ್ ಎರಡು ಖೋತಾ. ಆ ಪಾಯಿಂಟ್ ಎರಡು ಯಾರ ಹೊಟ್ಟೆಗೆ ಹೋಗ್ತಿದೆ?"

ಹುಡುಗಿ ನನ್ನನ್ನು ನೋಡಿದಳು, ನಾನು ನೆಲ ನೋಡಿದೆ. ದುರದೃಷ್ಟಕ್ಕೆ ನನಗೂ ಒಂದು ಹಲ್ಲು ತೂತಾಗಿತ್ತು. ಅದನ್ನು ತುಂಬಿಸಿಕೊಳ್ಳಲು ತಿಂಗಳಿಂದ ನಾಳೆ ನಾಡಿದ್ದು ಎನ್ನುತ್ತಿದ್ದೆ. ಭಾವನಿಗೆ ಅದು ನೆನಪಾಯಿತು. ಪರೀಕ್ಷೆಗೆ ನಾನೇ ಆದೆ. ಭಾವನಿಗೆ ಚುಚ್ಚಿದ ಔಷಧಿ ಇದ್ದ ಪೆಟ್ಟಿಗೆಯಿಂದಲೇ ತೆಗೆದ ಕೊಳವೆಯಿಂದ ನನಗೆ ಇಂಜೆಕ್ಷನ್ ಬಿತ್ತು. ಹತ್ತು ನಿಮಿಷಕ್ಕೆ ನನ್ನ ಅರ್ಧ ಮುಖ ನನ್ನದಾಗಿ ಉಳಿಯಲಿಲ್ಲ. ಅವಳು ಕೊರೆದಳು, ತುಂಬಿದಳು, ಉಜ್ಜಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಭಾನುವಾರಗಳನ್ನು ಎಣಿಸುತ್ತ ಮಲಗಿದ್ದೆ.

ಕೂಡಲೇ ಹೇಳಿಕೆ ಪಡೆಯುವ ಕಾರ್ಯಕ್ರಮ ಶುರುವಾಯಿತು.

"ನೋವಾಯ್ತಾ?"

"ಇಯ್ಯ."

"ಸ್ಪಷ್ಟವಾಗಿ ಹೇಳು."

"ಇಯ್ಯಾ ಬಾವಾ."

"ಸಾಕ್ಷಿ ಗೊಂದಲದ ಹೇಳಿಕೆ ಕೊಡ್ತಿದ್ದಾನೆ," ಎಂದು ಭಾವ ಬರೆದುಕೊಂಡರು. ಆಮೇಲೆ ತಲೆ ಅಡ್ಡಡ್ಡ ಆಡಿಸಲು ಹೇಳಿದರು, ಆಡಿಸಿದೆ. ನೋವಾಗಿದ್ದರೆ ಔಷಧಿ ಕೆಟ್ಟದ್ದು ಎಂದಾಗುತ್ತಿತ್ತು. ಆಗಲಿಲ್ಲ, ಆದ್ದರಿಂದ ಔಷಧಿ ಒಳ್ಳೆಯದು ಎಂದು ನೀವು ನಾವು ತಿಳಿಯುತ್ತೇವೆ. ಭಾವನ ತರ್ಕ ಅಷ್ಟು ಸಣ್ಣ ಜಾಗದಲ್ಲಿ ನಿಲ್ಲುವುದಲ್ಲ.

"ಹಾಗಾದ್ರೆ ಸರಕು ಎರಡು ಥರ ಇದೆ. ಬೇರೆಯವರಿಗೆ ಒಂದು, ನನಗೆ ಒಂದು." ಪುಸ್ತಕ ಮುಚ್ಚಿ ಹುಡುಗಿಯನ್ನೇ ನೋಡಿದರು. "ನಿಮ್ಮಪ್ಪನ ತಕ್ಕಡಿ ವಿಷಯ ಮನಸ್ಸಲ್ಲಿ ಇಟ್ಕೊಂಡಿದ್ದೀಯೇನಮ್ಮಾ?"

ಹುಡುಗಿಯ ಕೈ ಅಲ್ಲೇ ನಿಂತಿತು. ಅವಳ ದನಿ ಮಾತ್ರ ಏರಲಿಲ್ಲ.

"ಆಗ ನನಗೆ ಹದಿನಾರು ವರ್ಷ. ನೀವು ತಕ್ಕಡಿ ತಗೊಂಡು ಹೋದ ದಿನ ಅಪ್ಪ ಏನಂದ್ರು ಗೊತ್ತಾ ದೊಡ್ಡಪ್ಪ? ಅಣ್ಣ ಹೇಳಿದ ಮೇಲೆ ಮೂವತ್ತು ಗ್ರಾಂ ಕಮ್ಮಿ ಇರ್ಲೇಬೇಕು ಅಂದ್ರು. ಎರಡು ವರ್ಷ ಮನೆಗೆ ಬರದೇ ಇದ್ದದ್ದು ಕೋಪಕ್ಕಲ್ಲ, ನಾಚಿಕೆಗೆ."

ಭಾವ ಎರಡು ಸಲ ಕೆಮ್ಮಿದರು. ಆದರೆ ಅಭ್ಯಾಸ ಎನ್ನುವುದು ಕೆಟ್ಟದ್ದು.

"ಇದನ್ನ ಅವನು ಬರವಣಿಗೆಯಲ್ಲಿ ಕೊಡ್ತಾನಾ?" ಎಂದು ಕೇಳಿಬಿಟ್ಟರು.

ಹುಡುಗಿ ಒಳಗಿನ ಕೋಣೆಗೆ ಹೋಗಿ ನಲ್ಲಿ ತಿರುಗಿಸಿದಳು. ತುಂಬಾ ಹೊತ್ತು ನೀರು ಹರಿಯುತ್ತಲೇ ಇತ್ತು. ನಾವು ಮೆಟ್ಟಿಲು ಹತ್ತಿ ಬಂದೆವು.

ಎರಡು ದಿನ ಕಳೆಯುವಷ್ಟರಲ್ಲಿ ಭಾವನ ಬಲಗೆನ್ನೆ ಊದಿ ಕಣ್ಣಿನ ತನಕ ಏರಿತು. ಮೈ ಕಾದಿತ್ತು. ಅಕ್ಕ ಗೋಡೆಯನ್ನೂ ಮರೆತು ನೇರವಾಗಿ ಬೈಯುತ್ತ, ಜ್ವರ ನೋಡುವ ಕಡ್ಡಿಗಾಗಿ ಕಬ್ಬಿಣದ ಬೀರು ತೆರೆದು ತಡಕಾಡಿದಳು. ಕಡ್ಡಿ ಸಿಗಲಿಲ್ಲ. ಭಾವನ ಸರ್ವೀಸ್ ದಾಖಲೆಗಳ ಹಿಂದೆ ಮೂರು ಕಂದು ಲಕೋಟೆಗಳು ಸಿಕ್ಕವು. ಮೂರಕ್ಕೂ ದಾರ ಸುತ್ತಿತ್ತು, ದಾರದ ಗಂಟಿಗೆ ಅರಗಿನ ಮುದ್ರೆ. ಮೇಲೆ ಭಾವನ ದುಂಡು ಅಕ್ಷರ: 'ಮಾದರಿ ಒಂದು, ಐದು ಮಾತ್ರೆ. ಮಾದರಿ ಎರಡು, ಐದು ಮಾತ್ರೆ. ಮಾದರಿ ಮೂರು, ಐದು ಮಾತ್ರೆ.' ಕೆಳಗೆ ಸಹಿ, ತಾರೀಕು.

ಅಕ್ಕ ಅವನ್ನು ಹಾಸಿಗೆಯ ಮೇಲೆ ಸಾಲಾಗಿ ಇಟ್ಟಳು. "ಇದೇನು?"

"ನಿಯಮದ ಪ್ರಕಾರ ಮೂರು ಪಾಲು ಮಾಡ್ಬೇಕು," ಎಂದರು ಭಾವ, ಊದಿದ ಬಾಯಿಯಲ್ಲಿ. "ಒಂದು ಪಾಲು ಪ್ರಯೋಗಾಲಯಕ್ಕೆ. ಒಂದು ಪಾಲು ಇಲಾಖೆಗೆ. ಇನ್ನೊಂದು ಎದುರು ಪಕ್ಷಕ್ಕೆ."

"ಬಾಯಿಗೆ ಯಾವ ಪಾಲು?"

ಇದಕ್ಕೆ ನಿಯಮದಲ್ಲಿ ಉತ್ತರವಿರಲಿಲ್ಲ.

ಅಕ್ಕ ಒಂದು ಕೈಯಲ್ಲಿ ಮೂರು ಲಕೋಟೆ, ಇನ್ನೊಂದರಲ್ಲಿ ಭಾವನ ತೋಳು ಹಿಡಿದು ಹದಿನೆಂಟು ಮೆಟ್ಟಿಲನ್ನೂ ಇಳಿಸಿದಳು. ಹುಡುಗಿ ಖಾಲಿ ಕ್ಲಿನಿಕ್ಕಿನಲ್ಲಿ ಕುಳಿತು ಪುಸ್ತಕಗಳನ್ನು ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು. ಲಕೋಟೆಗಳನ್ನು ನೋಡಿದಳು, ಮುದ್ರೆಗಳನ್ನು ಮುಟ್ಟಿದಳು. ನಗುತ್ತಾಳೋ ಅಳುತ್ತಾಳೋ ಎಂದು ನಾನು ಕಾದೆ. ಅವಳು ಮೊದಲು ಕುರ್ಚಿ ತೋರಿಸಿ ಭಾವನನ್ನು ಕೂರಿಸಿ, ಕೆನ್ನೆಯನ್ನು ಮೆಲ್ಲಗೆ ಒತ್ತಿ ನೋಡಿದಳು.

"ಕೀವು ನಿಂತ ಜಾಗ ಹುಳಿಯಾಗಿರುತ್ತೆ ದೊಡ್ಡಪ್ಪ. ಅಲ್ಲಿಗೆ ಈ ಔಷಧಿ ಒಳಗೆ ಇಳಿಯಲ್ಲ. ತುಟಿಯ ನರ ಮಲಗುತ್ತೆ, ಹಲ್ಲಿನ ನರ ಮಾತ್ರ ಕೆರಳಿ ಎದ್ದು ಕೂತಿರುತ್ತೆ. ಎಷ್ಟು ಇಂಜೆಕ್ಷನ್ ಕೊಟ್ರೂ ಅಷ್ಟೇ. ಅದಕ್ಕೇ ಮೊದಲು ಮಾತ್ರೆ ಕೊಟ್ಟಿದ್ದು. ನೀವು ಔಷಧಿಗೆ ಬಾಗಿಲು ಹಾಕಿ, ಔಷಧಿ ಒಳಗೆ ಬರ್ಲಿಲ್ಲ ಅಂತ ಊರಿಗೆಲ್ಲ ಹೇಳಿದ್ರಿ." ಅಷ್ಟು ಹೇಳುವಾಗ ಅವಳ ಕಣ್ಣು ತುಂಬಿತು. "ನಾನು ಐದು ವರ್ಷ ಓದಿದೀನಿ."

ನಮ್ಮ ಭಾವ ನಾಚಿಕೊಂಡದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು. ಜ್ವರದ ಕೆಂಪು ಒಂದು ಕೆನ್ನೆಯಲ್ಲಿತ್ತು, ಇನ್ನೊಂದು ಕೆನ್ನೆಗೆ ನಾಚಿಕೆಯ ಕೆಂಪು ಬಂತು.

"ತಪ್ಪಾಯ್ತು ಕಣಮ್ಮ," ಎಂದರು. ಆ ಮಾತಿಗೆ ಸಾಕ್ಷಿ ಕೇಳಲಿಲ್ಲ, ಷರತ್ತು ಹಾಕಲಿಲ್ಲ.

ಅವಳು ಬೇರೆ ಮಾತ್ರೆಯನ್ನೂ ಸೇರಿಸಿ ಬರೆದಳು. ನಾಳೆಯೊಳಗೆ ಊತ ತಗ್ಗದಿದ್ದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಬೇಕೆಂದು ಹೇಳಿದಳು. ಅಕ್ಕ ಅಲ್ಲೇ ನಿಂತು ಮೊದಲ ಲಕೋಟೆಯ ಅರಗನ್ನು ಹಲ್ಲಿನಿಂದಲೇ ಒಡೆದಳು. 'ಸಾಕ್ಷ್ಯ ನಾಶ' ಎಂದು ಭಾವನ ತುಟಿ ಸಣ್ಣಗೆ ಅಲುಗಿತು, ದನಿ ಹೊರಡಲಿಲ್ಲ. ಐದು ದಿನ, ಹೊತ್ತಿಗೆ ಸರಿಯಾಗಿ, ಅಕ್ಕ ಎದುರಿಗೆ ನಿಂತು ಮಾತ್ರೆ ನುಂಗಿಸಿ, ನಾಲಿಗೆ ಎತ್ತಿಸಿ, ಕೆಳಗೆ ಬಚ್ಚಿಟ್ಟಿಲ್ಲವೆಂದು ಖಚಿತಪಡಿಸಿಕೊಂಡಳು. ತಪಾಸಣೆ ಮಾಡಿಸಿಕೊಳ್ಳುವವರ ಕಷ್ಟ ಭಾವನಿಗೆ ಆಗ ಗೊತ್ತಾಯಿತು. ಊತ ಮರುದಿನವೇ ತಗ್ಗತೊಡಗಿತು.

ಹಲ್ಲು ಕೀಳುವ ದಿನ ತಿಂಗಳ ಕೊನೆಯ ದಿನವೂ ಆಗಿತ್ತು. ಆಸ್ಪತ್ರೆಯ ಅರ್ಜಿ ಲಕೋಟೆಯೊಳಗೆ ಸೇರಿ, ಅಂಚೆಚೀಟಿ ಅಂಟಿಸಿಕೊಂಡು ಮೇಜಿನ ಮೇಲಿತ್ತು. ಪೋಸ್ಟ್ ಮಾಸ್ತರರು ಮುಂಚೆಯೇ ಬಂದು ಜಾಗ ಹಿಡಿದಿದ್ದರು. ಅವರ ಹಿಂದೆ ತರಕಾರಿ ಅಂಗಡಿಯವಳು, ಕ್ಷೌರಿಕ, ಇನ್ನೂ ಹತ್ತು ಹನ್ನೆರಡು ಜನ. ಚಿಕಿತ್ಸೆಗೆ ಬಂದವರು ಒಬ್ಬರೂ ಇರಲಿಲ್ಲ, ಎಲ್ಲರೂ ಕಿರುಚುವುದನ್ನು ಕೇಳಲು ಬಂದವರೇ. ಈ ಸಲ ಭಾವ ಕೂಗಿದರೆ ಆ ಲಕೋಟೆ ಅಂಚೆಗೆ ಬೀಳುವುದು ಖಂಡಿತ.

ಇಂಜೆಕ್ಷನ್ ಆಯಿತು. ಹತ್ತು ನಿಮಿಷವೂ ಕಳೆಯಿತು. ಅವಳು ಇಕ್ಕಳ ತೆಗೆದುಕೊಂಡು ಬಾಗಿದಳು. ಹೊರಗೆ ಕೆಮ್ಮು ಕೂಡ ಕೇಳಿಸಲಿಲ್ಲ. ಭಾವ ಎರಡೂ ಕೈಯಲ್ಲಿ ಕುರ್ಚಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ ಕಾದರು. ಒಂದು ನಿಮಿಷ, ಎರಡು ನಿಮಿಷ.

"ಶುರು ಮಾಡಮ್ಮ," ಎಂದರು ಕೊನೆಗೆ, ಬಾಯಲ್ಲಿ ಹತ್ತಿ ಇದ್ದುದರಿಂದ ಮೆತ್ತಗೆ. "ಎಷ್ಟು ಹೊತ್ತು ಕಾಯಿಸ್ತೀಯಾ?"

"ಮುಗೀತು ದೊಡ್ಡಪ್ಪ." ಅವಳು ತಟ್ಟೆ ತೋರಿಸಿದಳು. ಹಲ್ಲು ಅದರಲ್ಲಿತ್ತು, ಬೇರು ಸಮೇತ.

ಭಾವ ಹಲ್ಲನ್ನು ನೋಡಿದರು, ಹುಡುಗಿಯನ್ನು ನೋಡಿದರು, ಮತ್ತೆ ಹಲ್ಲನ್ನು ನೋಡಿದರು. ಐದು ದಿನದಿಂದ ಅಡಗಿಸಿಟ್ಟ ಅನುಮಾನ ನಿಧಾನವಾಗಿ ಅವರ ಕಣ್ಣಿಗೆ ಮರಳಿತು. ಅಕ್ಕ ತಡೆಯುವಷ್ಟರಲ್ಲಿ ಕುರ್ಚಿಯಿಂದ ಇಳಿದು, ತಟ್ಟೆ ಹಿಡಿದುಕೊಂಡು ಬೆಂಚಿನ ಎದುರು ಬಂದು ನಿಂತರು.

"ನೋಡಿ ಸ್ವಾಮಿ," ಎಂದರು ಪೋಸ್ಟ್ ಮಾಸ್ತರರಿಗೆ. "ಇದು ನನ್ನ ಹಲ್ಲಂತೆ. ಈಗ ತಾನೆ ಕಿತ್ತಳಂತೆ."

"ಅಲ್ವಾ?"

"ಹೇಗೆ ನಂಬೋದು? ನನಗೆ ಗೊತ್ತೇ ಆಗ್ಲಿಲ್ಲ. ಹಲ್ಲು ಕಿತ್ರೆ ಮನುಷ್ಯನಿಗೆ ಗೊತ್ತಾಗ್ಬೇಡ್ವಾ? ಯಾರದ್ದೋ ಹಲ್ಲು ತಂದು ತಟ್ಟೆಯಲ್ಲಿ ಇಟ್ಟಿದಾಳೆ ಅಂತ ನನ್ನ ಅನುಮಾನ."

ಪೋಸ್ಟ್ ಮಾಸ್ತರರು ಭಾವನ ಬಾಯಿಯ ಹತ್ತಿಯನ್ನು ನೋಡಿದರು. ಅದಕ್ಕೆ ಹತ್ತಿದ ರಕ್ತವನ್ನು ನೋಡಿದರು.

"ಒಂದು ಚೂರೂ ನೋವಾಗ್ಲಿಲ್ವಾ?"

"ಎಳ್ಳಷ್ಟೂ ಇಲ್ಲ. ಅದೇ ನಾನು ಹೇಳ್ತಿರೋದು, ಇದರಲ್ಲೇನೋ ಮೋಸ ಇದೆ."

ಪೋಸ್ಟ್ ಮಾಸ್ತರರು ಪತ್ರಿಕೆ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಒಳಬಾಗಿಲಿನಲ್ಲಿ ತಲೆ ಹಾಕಿದರು. "ಅಮ್ಮಾ, ನಂದೂ ಒಂದು ಹಲ್ಲು ಎರಡು ವರ್ಷದಿಂದ ಅಲ್ಲಾಡ್ತಿದೆ. ಭಯಕ್ಕೆ ಯಾರಿಗೂ ಹೇಳಿರ್ಲಿಲ್ಲ."

ತರಕಾರಿ ಅಂಗಡಿಯವಳು ತಾನು ಅವರಿಗಿಂತ ಮುಂಚೆ ಬಂದವಳೆಂದು ತಕರಾರು ತೆಗೆದಳು. ಕ್ಷೌರಿಕ ಸದ್ದಿಲ್ಲದೆ ಬೆಂಚಿನ ತುದಿಯಿಂದ ನಡುವಿಗೆ ಸರಿದ. ಭಾವ ಒಬ್ಬೊಬ್ಬರ ಮುಂದೆಯೂ ತಟ್ಟೆ ಹಿಡಿದು, ತಮಗೆ ಏನೇನೂ ಗೊತ್ತಾಗಲಿಲ್ಲವೆಂದು, ಇದು ನಂಬುವ ಮಾತೇ ಅಲ್ಲವೆಂದು ದೂರು ಹೇಳುತ್ತ ಸಾಲಿನ ಕೊನೆಯವರೆಗೂ ಹೋದರು. ಅವರು ಹೇಳಿದಷ್ಟೂ ಸಾಲು ಬಾಗಿಲು ದಾಟಿ ರಸ್ತೆಗೆ ಬೆಳೆಯಿತು.

ಅಕ್ಕನಿಗೆ ತಡೆಯಲಾಗಲಿಲ್ಲ. ಮಾನ ಹೋಗುತ್ತಿದೆ, ಇವರನ್ನು ಮೇಲೆ ಎಳೆದುಕೊಂಡು ಹೋಗುತ್ತೇನೆಂದು ಸೆರಗು ಸಿಕ್ಕಿಸಿ ಹೊರಟಳು. ಹುಡುಗಿ ಹೊಸ ಕೈಗವಸು ಹಾಕಿಕೊಳ್ಳುತ್ತಿದ್ದವಳು ಅವಳ ಭುಜ ಹಿಡಿದು ನಿಲ್ಲಿಸಿದಳು.

"ಬಿಡಿ ದೊಡ್ಡಮ್ಮ," ಎಂದಳು. "ದೊಡ್ಡಪ್ಪ ಇನ್ನೊಂದು ಗಂಟೆ ಅಲ್ಲೇ ನಿಂತು ಅನುಮಾನ ಪಡ್ಲಿ."